ಕುಡಿಯದವರ ಹಳದಿ ಕಣ್ಣು

ಚಾಂಪಿಯನ್ ರೀಫ್ಸ್
೧೪ ಜುಲೈ ೨೦೨೪

ನನ್ನ ಮುದ್ದು ಸುಮಿತಾ,

ಮೊನ್ನೆ ಫೋನಿನಲ್ಲಿ ನೀನು "ಭಾವ ಕುಡಿಯೋದು ಕಲ್ತವ್ರಾ ಅಕ್ಕ?" ಎಂದು ಕೇಳಿದಾಗ ಅವರು ಪಕ್ಕದಲ್ಲೇ ಇದ್ದರು. ಅದಕ್ಕೇ ಊಟದ ಮಾತು ತೆಗೆದೆ. ಬಾಯಿಬಿಟ್ಟು ಹೇಳಲು ಹೋದರೆ ಅಳು ಬರುತ್ತದೆ, ಬರೆಯುತ್ತಿದ್ದೇನೆ.

ಅವರು ಯಾವತ್ತೂ ಕುಡಿದವರಲ್ಲ. ನಮ್ಮ ಲಿಖಿತ ಹುಟ್ಟುವ ಮೊದಲು ಒಂದು ಸಲ ಅವರಿಗೆ ನಿದ್ದೆಯೇ ಹೋಯಿತು. ಮಾತು ನಿಲ್ಲದು. ಮಾರಿಕುಪ್ಪಂ ಸ್ಟೇಷನ್ನಿನಲ್ಲಿ ಕಂಡವರಿಗೆಲ್ಲ ಮನೆಯ ಪಾತ್ರೆ ಹಂಚುತ್ತಿದ್ದವರನ್ನು ನಾನೇ ಕರೆತಂದೆ. ಬೆಂಗಳೂರಿನ ಮನೋವೈದ್ಯರು ಕೊಟ್ಟ ಮಾತ್ರೆಯಿಂದ ಮತ್ತೆ ಮೊದಲಿನಂತಾದರು, ಅದನ್ನು ದಿನಾ ನುಂಗುತ್ತಲೇ ಬಂಗಾರಪೇಟೆಯಲ್ಲಿ ಸ್ಕೂಲ್ ವ್ಯಾನ್ ಓಡಿಸಿದರು. ಆಗ ಹಳ್ಳಿಯಲ್ಲಿದ್ದ ಅತ್ತೆಗೂ ಇದನ್ನು ಹೇಳಲಿಲ್ಲ.

ಈ ಬೇಸಿಗೆಯಲ್ಲಿ ಕಣ್ಣು ಹಳದಿಯಾಯಿತು. ಅನ್ನ ಕಂಡರೆ ವಾಕರಿಕೆ. ನಮ್ಮ ಲೈನ್ ಮನೆಗಳವರೆಲ್ಲ ಕುಡಿತ ಎಂದರು. ವ್ಯಾನಿನ ಓನರ್ ಕೀ ಇಸಿದುಕೊಂಡರು. ಈಗ ನಮ್ಮ ಜೊತೆಗಿರುವ ಅತ್ತೆ, ಮಗನಿಂದ ದೀಪ ಮುಟ್ಟಿಸಿ ಆಣೆ ಹಾಕಿಸಿದರು. ರಕ್ತ ಪರೀಕ್ಷೆ ನೋಡಿದ ಮನೋವೈದ್ಯರು, ಲಿವರ್ ಕೆಟ್ಟಿರುವುದು ತಾವು ಕೊಟ್ಟ ಮಾತ್ರೆಯಿಂದಲೇ, ಅಪರೂಪಕ್ಕೆ ಹೀಗಾಗುತ್ತದೆ ಎಂದು ಅದನ್ನು ನಿಲ್ಲಿಸಿ ಬೇರೆಯದು ಬರೆದರು.

ಎಲ್ಲರಿಗೂ ನಿಜ ಹೇಳಿಬಿಡೋಣ ಎಂದೆ. "ಬ್ಯಾಡ ಕಣೇ," ಎಂದರು. "ಕುಡುಕ ಅಂದ್ಕೊಳ್ಲಿ. ತಲೆ ಕೆಟ್ಟೋನು ಅಂದ್ರೆ ಯಾರು ಮಕ್ಳನ್ನ ನನ್ ವ್ಯಾನ್ ಅತ್ತಿಸ್ತಾರೆ?"

ಹೊಸ ಮಾತ್ರೆ ಮೈಗೆ ಹಿಡಿಯುವವರೆಗೆ ಅವರು ನಿದ್ದೆಯಿಲ್ಲದೆ ಮನೆಯೊಳಗೇ ಸುತ್ತುವುದು, ನಾನು ಅವರ ಹಿಂದೆ ಸುತ್ತುವುದು. ಸಾಕಾಗಿ ಒಂದು ದಿನ ಅತ್ತೆಯನ್ನು ಕೂರಿಸಿ ಎಲ್ಲ ಹೇಳಿದೆ. ಅವರು ಸೊಪ್ಪು ಬಿಡಿಸುತ್ತ ಕೂತರು. ಮಾರನೆಯ ಬೆಳಿಗ್ಗೆ ನಲ್ಲಿಯ ಹತ್ತಿರ ಅವರ ದನಿ ಕೇಳಿಸಿತು: "ಔದು ಕಣಮ್ಮ, ನಮ್ ನಾಗೇಶ ಕುಡೀತಿದ್ದ. ಈಗ ಬಿಟ್ಟವ್ನೆ. ಗಂಡಸ್ರು ಕುಡಿಯಲ್ವಾ?" ನಾನು ಬಿಂದಿಗೆ ಹಿಡಿದು ಬಾಗಿಲಲ್ಲೇ ನಿಂತೆ. ಒಳಗೆ ಬಂದವರು ನನ್ನ ಮುಖ ನೋಡದೆ ಮಗನಿಗೆ ಗಂಜಿ ಬಿಸಿ ಮಾಡಿದರು.

ಈಗ ನಿನ್ನ ಭಾವನ ಕಣ್ಣು ತಿಳಿಯಾಗಿದೆ. ನಿದ್ದೆ ಬರುತ್ತಿದೆ. ಕುಡಿತ ಬಿಟ್ಟರೆಂಬ ಮೆಚ್ಚುಗೆಗೆ ಓನರ್ ಮತ್ತೆ ಕರೆದಿದ್ದಾರೆ. ಡಾಕ್ಟರು ಹೂಂ ಎಂದ ಮೇಲೆ ಹೋಗುತ್ತಾರೆ. ನಾನು ಸಂತೋಷಪಡಬೇಕು, ಅದಕ್ಕೂ ಮೈಯಲ್ಲಿ ತ್ರಾಣವಿಲ್ಲ ಕಣೇ.

ನಿನ್ನ ಅಕ್ಕ,
ಶಶಿರೇಖ

ತಾ.ಕ.: ಹೋದ ವಾರ ಅವರನ್ನು ಹೊರಗೆ ಕೂರಿಸಿ, ನಾನೂ ಅದೇ ಡಾಕ್ಟರ ಮುಂದೆ ಕೂತು ಅತ್ತುಬಿಟ್ಟೆ. ನನಗೂ ಮಾತ್ರೆ ಬರೆದಿದ್ದಾರೆ. ತಂದಿಟ್ಟಿದ್ದೇನೆ, ಬಾಯಿಗೆ ಹಾಕಿಕೊಳ್ಳಲು ಭಯ. ಇಲ್ಲಿ ಯಾರಿಗೂ ಗೊತ್ತಿಲ್ಲ. ನೀನು ಬಂದು ಎರಡು ದಿನ ಜೊತೆಗಿರುತ್ತೀಯಾ?