ಅಣ್ಣನ ಪಾಲು

ಬಾಳಣ್ಣ,

ಇಂದು ನಾಗರ ಪಂಚಮಿ. ಸೊಲ್ಲಾಪುರದ ಈ ಚಾಳಿನ ಸಾಲುಮನೆಗಳ ನಡುವೆ ಜೋಕಾಲಿ ಕಟ್ಟಲು ಒಂದು ಮರವೂ ಇಲ್ಲ. ಪಕ್ಕದ ಮನೆಯ ಮರಾಠಿ ಹೆಂಗಸನ್ನು ಅವಳ ತಮ್ಮ ಬಂದು ತವರಿಗೆ ಕರೆದುಕೊಂಡು ಹೋದ.

ಬೆಳಿಗ್ಗೆ ನಳದ ಹತ್ತಿರ ನಮ್ಮ ಕೊಣ್ಣೂರಿನ ಲಕ್ಕಪ್ಪ ಕಾಕಾ ಸಿಕ್ಕರು. ಮಿಲ್ಲಿನಲ್ಲಿ ಕೆಲಸ ಹುಡುಕಿಕೊಂಡು ಬಂದಿದ್ದರಂತೆ. ನನ್ನನ್ನು ಕಂಡು ಅವರ ಮುಖ ಬಿಳಿಚಿತು.

“ನೀಲವ್ವಾ, ನೀ ಜೀವಂತ ಅದೀಯೇನು?”

“ಯಾಕ್ರಿ ಕಾಕಾ?”

“ನೀ ಪ್ಲೇಗಿನಾಗ ಸತ್ತಿ ಅಂತ ನಿಮ್ಮಣ್ಣ ಊರಿಗೆಲ್ಲಾ ಹೇಳ್ಯಾನವ್ವ. ನಿನ್ನ ಹೆಸರಿಲೆ ಊಟಾನೂ ಹಾಕಿಸಿದ. ನಾನೂ ಉಂಡೇನಿ.”

ಕುರುಬರವನ ಕೈ ಹಿಡಿದು ಊರು ಬಿಟ್ಟವಳು ನಾನು. ನಿನಗೆ ಸಿಟ್ಟಿದೆಯೆಂದು ಗೊತ್ತಿತ್ತು. ಆದರೂ ಪ್ರತಿ ಪಂಚಮಿಗೆ ನೀನು ಕರೆಯಲು ಬಂದೀಯೆಂದು ಇದ್ದುದರಲ್ಲೇ ಒಳ್ಳೆಯ ಸೀರೆ ಉಟ್ಟು ಬಾಗಿಲಲ್ಲಿ ಕೂರುತ್ತಿದ್ದೆ. ಸತ್ತವಳನ್ನು ಯಾರು ಕರೆಯಲು ಬರುತ್ತಾರೆ? ಸತ್ತವಳ ಕಾಗದ ಮನೆಗೆ ಬಂದರೆ ನೀನಾದರೂ ಊರಿಗೆ ಏನು ಹೇಳುತ್ತೀ? ಅದಕ್ಕೇ ಇದನ್ನು ಅಂಚೆಗೆ ಹಾಕುವುದಿಲ್ಲ.

ಕಾಕಾನಿಗೆ ನಾನು ಕಟ್ಟಿದ ಎಳ್ಳುಂಡಿ ಕೊಟ್ಟು ಕಳಿಸಿ, ಮಣ್ಣಿನ ನಾಗಪ್ಪನ ಮುಂದೆ ಕೂತೆ. ನಮ್ಮ ಮನೆಯಲ್ಲಿ ಮಾಡುತ್ತಿದ್ದಂತೆ ಒಬ್ಬೊಬ್ಬರ ಹೆಸರು ಹೇಳಿ ಹಾಲೆರೆದೆ. ಅವ್ವನ ಪಾಲು, ಅಪ್ಪನ ಪಾಲು, ಗಂಡನ ಪಾಲು. ಆಮೇಲೆ ಕೈ ಏಳಲಿಲ್ಲ.

“ಅಣ್ಣನ ಪಾಲೂ ಎರಿ. ಹಬ್ಬದಾಗ ಸಿಟ್ಟು ಬ್ಯಾಡ,” ಎಂದರು ನನ್ನ ಗಂಡ.

ಬಟ್ಟಲಿನ ತಳದಲ್ಲಿ ಇನ್ನೊಂದು ಗುಟುಕು ಹಾಲಿತ್ತು. ಅದನ್ನು ಅವರೆದುರಿಗೇ ಕುಡಿದುಬಿಟ್ಟೆ.

ನೀಲವ್ವ