ಅವ್ವನ ಅಳತೆ ಕುಪ್ಪಸ

ಶಿವನಿ
೧೯-೨-೧೯೮೧, ಗುರುವಾರ

ಪ್ರೀತಿಯ ತಂಗಿ ಮಲ್ಲಿಕಾಂಬಾ,

ಹೇಗಿದ್ದೀಯೆ? ಮಂಡಿನೋವು ಕಡಿಮೆಯಾಯಿತೇ? ಹುಬ್ಬಳ್ಳಿಯ ನೀರು ಮಕ್ಕಳಿಗೆ ಈಗಲಾದರೂ ಒಗ್ಗಿತೇ? ನಿನ್ನ ಮನೆಯವರಿಗೆ ಕೆಮ್ಮು ಬಿಟ್ಟಿತೆಂದು ಓದಿ ಸಮಾಧಾನವಾಯಿತು. ಇಲ್ಲಿ ನಿನ್ನ ಭಾವ ಚೆನ್ನಾಗಿದ್ದಾರೆ. ರಾಗಿ ಕಣದ ಕೆಲಸ ಮುಗಿಯಿತು, ಈಗ ಜಗಲಿಯ ಮೇಲೆ ಕೂತು ಊರವರ ನ್ಯಾಯ ತೀರಿಸುತ್ತಿದ್ದಾರೆ. ನಾನೂ ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಬರೆದೆ ಎಂದು ತಿಳಿದುಕೋ. ಮೂರು ದಿನದಿಂದ ಕಾಗದ ತೆಗೆಯುವುದು, ಮಡಚಿಡುವುದು, ಇದೇ ಆಗಿದೆ. ಅವ್ವನ ಕಾಯಿಲೆಯ ಬಗ್ಗೆ ನಿನ್ನನ್ನು ಒಂದು ಮಾತು ಕೇಳಬೇಕು. ನೆಟ್ಟಗೆ ಕೇಳಲು ಕೈ ಬರುತ್ತಿಲ್ಲ. ಅದಕ್ಕೇ ಹೊಲಿಗೆಯ ಸುದ್ದಿಯಿಂದ ಶುರುಮಾಡುತ್ತೇನೆ.

ಎದುರುಮನೆ ದುರ್ಗಮ್ಮ ದೀಪಾವಳಿಯ ಹೊತ್ತಿಗೆ ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡಳು. ಕಟ್ಟು ಬಿಚ್ಚಿದರೂ ಕೈ ಬೆನ್ನ ಹಿಂದಕ್ಕೆ ಹೋಗುವುದಿಲ್ಲ. ಅಂಗಡಿಯಲ್ಲಿ ಸಿಗುವ ಬಾಡಿಯ ಕೊಕ್ಕೆ ಇರುವುದೇ ಬೆನ್ನಿನಲ್ಲಿ. “ನಮ್ಮತ್ತೆ ಕಾಲದಲ್ಲಿ ಮುಂದ್ಗಡೆ ಗಂಟು ಹಾಕೋ ಒಳಕುಪ್ಪಸ ಇರ್ತಿತ್ತಲ್ಲ, ಅಂಥದ್ದೊಂದು ಹೊಲ್ಕೊಡೇ ವಿಮಲಾ, ಪುಣ್ಯ ಬತ್ತದೆ” ಅಂತ ಬಂದಳು. ಈಗಿನ ಹುಡುಗಿಯರು ಅದನ್ನು ಕಂಡೇ ಇಲ್ಲ. ನನಗೂ ಅಂದಾಜಿನ ಮೇಲೆ ಕತ್ತರಿ ಹಾಕಲು ಮನಸ್ಸಾಗಲಿಲ್ಲ. ಪೆಟ್ಟಿಗೆಯ ತಳದಿಂದ ಅವ್ವನ ಬಿಳಿ ಒಳಕುಪ್ಪಸ ತೆಗೆದೆ. ಅವ್ವ ಹೋದ ಮೇಲೆ ಚೌಳಹಿರಿಯೂರಿನ ತವರುಮನೆಯಿಂದ ನಾನು ತಂದದ್ದು ಅದೊಂದನ್ನೇ. ಸುಡಬೇಕಾದ ಬಟ್ಟೆಗಳ ಜೊತೆ ಹಾಕಿದ್ದರು, ಕದ್ದು ತಂದೆ. ಹದಿನೇಳು ವರ್ಷವಾದರೂ ಒಂದು ಹೊಲಿಗೆ ಬಿಟ್ಟಿಲ್ಲ.

ಅದರ ಎಡಬಗಲಿನಲ್ಲಿ ಎರಡು ಬೆರಳಗಲದ ತುಂಡೊಂದನ್ನು ಸೇರಿಸಿ ಹೊಲಿದಿದ್ದಾಳೆ. ಬಲಗಡೆ ಇಲ್ಲ. ನಿನಗೆ ನೆನಪಿರಬೇಕು, ಅವ್ವನಿಗೆ ಕತ್ತರಿ ತಪ್ಪಿತು ಎಂದು ನಾವಿಬ್ಬರೂ ನಕ್ಕಿದ್ದೆವು. ಅವಳೂ ನಕ್ಕಳು. ಈಗ ಆ ತುಂಡನ್ನು ಬಿಟ್ಟು ಹೊಲಿಯಲೇ ಎಂದು ಒಂದು ಗಳಿಗೆ ಯೋಚಿಸಿದೆ. ಆದರೆ ಹೊಲಿಗೆ ಕಲಿಸುವಾಗ ಅವಳು ಬಡಿದು ಬಡಿದು ಹೇಳಿದ್ದು ಒಂದೇ ಮಾತಲ್ಲವೇ: “ಅಳತೆ ಬಟ್ಟೆ ಮುಂದಿಟ್ಕೊಂಡು ನಿನ್ ಬುದ್ಧಿ ಓಡಿಸ್ಬ್ಯಾಡ ಕಣೇ. ಅದು ಹೆಂಗೈತೋ ಹಂಗೇ ಕತ್ತರಿಸು.” ಹಳೆಯ ಕಾಲದವರು ಎಲೆ‌ಅಡಿಕೆಯ ಸಂಚಿಯನ್ನು ಎಡಗಡೆ ಸಿಕ್ಕಿಸಿಕೊಳ್ಳುತ್ತಿದ್ದರಲ್ಲ, ಅದಕ್ಕೆ ಬಿಟ್ಟ ಜಾಗ ಇರಬೇಕೆಂದು ನಾನೇ ಕಾರಣ ಹುಡುಕಿಕೊಂಡು ಹಾಗೆಯೇ ಹೊಲಿದೆ. ಮೈದಪ್ಪಕ್ಕೆ ತಕ್ಕಂತೆ ಹಿಗ್ಗಿಸಿದೆ, ಕುಗ್ಗಿಸಿದೆ, ಎಡಗಡೆಯ ತುಂಡನ್ನು ಮಾತ್ರ ಬಿಡಲಿಲ್ಲ. ದುರ್ಗಮ್ಮನದನ್ನು ನೋಡಿ ಅಂಜಿನಮ್ಮ ಕೇಳಿದಳು, ಆಮೇಲೆ ಮಾರಮ್ಮ. ನನಗೂ ಒಂದು ಹೊಲಿದಿಟ್ಟುಕೊಂಡೆ.

ವಾರದೊಳಗೆ ಮೂವರೂ ವಾಪಸ್ ತಂದರು. ಎಲ್ಲರದೂ ಒಂದೇ ದೂರು, “ಎಡಗಡೆ ಜೋಲು ಬೀಳ್ತದೆ ಕಣಮ್ಮ.” ನನ್ನ ಸಿಟ್ಟು ನಿನಗೆ ಗೊತ್ತೇ ಇದೆ. ಇಪ್ಪತ್ತು ವರ್ಷದಲ್ಲಿ ನನ್ನ ಹೊಲಿಗೆಯನ್ನು ಯಾರೂ ವಾಪಸ್ ತಂದವರಿಲ್ಲ. ಗಂಟು ಹಾಕಲು ಬರದವರು ಹೊಲಿದವಳ ಮೇಲೆ ತಪ್ಪು ಹೊರಿಸುತ್ತೀರಾ ಎಂದು ರೇಗಿದೆ. ಸೋಮವಾರ ದುರ್ಗಮ್ಮನನ್ನು ಕೋಣೆಯೊಳಗೆ ಕರೆದು, ನನ್ನದನ್ನು ತೊಟ್ಟು, ಗಂಟು ಬಿಗಿದು, ಈಗ ನೋಡು ಎಲ್ಲಿದೆ ಜೋಲು ಎಂದು ನಿಂತೆ. ಒಂದು ಸುಕ್ಕಿಲ್ಲ. ದುರ್ಗಮ್ಮ ನೋಡಿದಳು, ಹತ್ತಿರ ಬಂದು ಇನ್ನೊಮ್ಮೆ ನೋಡಿದಳು. ಸೆರಗು ಹೊದ್ದು ಹೊರಟುಹೋದಳು. ಗೆದ್ದೆ ಎಂದುಕೊಂಡೆ. ಅವತ್ತಿನಿಂದ ಮಷಿನ್ ಮುಟ್ಟಿಲ್ಲ.

ಈಗ ಕೇಳುತ್ತೇನೆ. ಅವ್ವ ಆ ಕುಪ್ಪಸ ಹೊಲಿದದ್ದು ನನ್ನ ಮದುವೆಗೆ ಮೊದಲೋ, ಆಮೇಲೋ? ನೀನೇ ಪಕ್ಕದಲ್ಲಿ ಕೂತು ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದೆ. ಪಡಸಾಲೆಯಲ್ಲಿ ನನ್ನ ಧಾರೆ ಸೀರೆ ಹರಡಿತ್ತು ಎಂದು ನನಗೆ ನೆನಪು. ಎದೆಯ ಹುಣ್ಣು ಒಡೆದದ್ದು ಮದುವೆಯ ಮರುವರ್ಷ. ತರೀಕೆರೆಯ ಡಾಕ್ಟರು ಕೈಚೆಲ್ಲಿದಾಗ, ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂದು ಅವಳನ್ನು ಬೈದವಳು ನಾನು. ಸಾಯುತ್ತಾ ಮಲಗಿದ್ದವಳನ್ನು ಬೈದೆ, ಮಲ್ಲಿ. ನನ್ನ ನೆನಪು ನಿಜವಾದರೆ ಒಂದು ವರ್ಷ ಮೊದಲೇ ಅವಳಿಗೆ ಗೊತ್ತಿತ್ತು. ಕತ್ತರಿ ತಪ್ಪಿರಲಿಲ್ಲ. ಬಂದ ನೆಂಟಸ್ತನ ಮುರಿದುಬೀಳಬಾರದೆಂದು ಆ ಎರಡು ಬೆರಳಿನ ಬಟ್ಟೆಯಲ್ಲಿ ಅದನ್ನು ಮುಚ್ಚಿಕೊಂಡು, ನಮ್ಮ ಜೊತೆ ನಕ್ಕು, ನನ್ನ ಮದುವೆ ಮಾಡಿದಳು.

ಮಕ್ಕಳ ಕೆನ್ನೆ ಹಿಂಡಿ ದೊಡ್ಡಮ್ಮ ಕೇಳಿದಳೆಂದು ಹೇಳು. ನಿನ್ನ ಮನೆಯವರಿಗೆ ನಮ್ಮಿಬ್ಬರ ನಮಸ್ಕಾರ. ಆ ಶಿವ ನಿನ್ನ ಮನೆಯನ್ನು ತಣ್ಣಗಿಟ್ಟಿರಲಿ.

ನಿನ್ನ ಅಕ್ಕ,
ವಿಮಲ

ಮಲ್ಲಿ, ಪಾರ್ಸೆಲ್ಲಿನ ಬಾಯಿ ಹೊಲಿಯುವ ಮೊದಲು ಇದಿಷ್ಟು. ನಿನ್ನ ಭಾವ ಅಜ್ಜಂಪುರಕ್ಕೆ ಹೊರಟು ನಿಂತಿದ್ದಾರೆ, ಅಂಚೆಗೆ ಹಾಕುವವರು ಅವರೇ, ಅವರಿಗೆ ಏನೂ ಗೊತ್ತಿಲ್ಲ. ದುರ್ಗಮ್ಮನೆದುರು ತೊಟ್ಟು ತೋರಿಸಿದೆನಲ್ಲ, ಅದು ನನಗೆ ಸರಿಯಾಗಿ ಕೂತದ್ದು ನನ್ನ ಹೊಲಿಗೆಯಿಂದಲ್ಲ. ಎಡಗಡೆಯ ಆ ಜಾಗ ಪೂರ್ತಿ ತುಂಬಿತ್ತು. ಎರಡು ತಿಂಗಳಿಂದ ರವಿಕೆ ಬಿಗಿ ಎನಿಸುತ್ತಿತ್ತು, ದಪ್ಪಗಾದೆ ಎಂದುಕೊಂಡಿದ್ದೆ. ಗಟ್ಟಿ ಗಡ್ಡೆ, ಅವ್ವನಿಗಿದ್ದ ಕಡೆಯೇ. ನೋವಿಲ್ಲ. ಅವಳೂ ನೋವಿಲ್ಲ ಎನ್ನುತ್ತಿದ್ದಳು. ನನಗೆ ಇನ್ನು ಯಾವ ಆಸೆಯೂ ಉಳಿದಿಲ್ಲ. ನೀನೂ ಅವಳ ಮಗಳೇ ಎಂಬುದೊಂದೇ ಹೆದರಿಕೆ. ನಿನ್ನ ಮೈಯಳತೆಗೆ ಒಂದನ್ನು ಕೈಯಲ್ಲೇ ಹೊಲಿದು ಇದರಲ್ಲೇ ಇಟ್ಟಿದ್ದೇನೆ, ಎಡಗಡೆ ಅವ್ವನದರಂತೆಯೇ ಇದೆ. ಕದ ಹಾಕಿಕೊಂಡು ತೊಟ್ಟು ನೋಡು. ಜೋಲು ಬಿದ್ದರೆ, “ಅಕ್ಕಾ, ನಿನ್ನ ಹೊಲಿಗೆ ಕೆಟ್ಟಿದೆ” ಎಂದು ಒಂದು ಕಾರ್ಡು ಹಾಕು. ಬೇರೇನೂ ಬರೆಯಬೇಡ.