ಅಕ್ಕನ ಸಾಲುಗಳು

ಬಸ್ ನಿಲ್ದಾಣದ ಎದುರಿನ ಲಾಡ್ಜು, ಎರಡನೇ ಮಹಡಿ
ಜೂನ್ ೧೪, ಭಾನುವಾರ

ನನ್ನ ಮುದ್ದಿನ ಅಕ್ಕಾ,

ಗಂಟಲು ಹೇಗಿದೆ? ನುಂಗುವಾಗ ಇನ್ನೂ ನೋಯುತ್ತದೆಯೇ? ಆಪರೇಷನ್ ಗಾಯ ಮಾಯುವವರೆಗೆ ಪಿಸುಮಾತೂ ಕೂಡದು ಎಂದು ಡಾಕ್ಟರು ಹೇಳಿದ್ದಾರೆ, ನೆನಪಿರಲಿ. ಫೋನ್ ಮಾಡಿದರೆ ನೀನು ಸುಮ್ಮನಿರುವವಳಲ್ಲ, ಅದಕ್ಕೇ ಈ ಕಾಗದ. ಪಾಪ, ಮದುವೆಯಾದ ಮೇಲೆ ಭಾವನಿಗೆ ಈಗಲಾದರೂ ಮನೆಯಲ್ಲಿ ಬಾಯಿ ಬಿಡುವ ಅವಕಾಶ ಸಿಕ್ಕಿತಲ್ಲ.

ಒಪ್ಪಿಕೊಂಡ ಹಾಡಿನ ಕಾರ್ಯಕ್ರಮಗಳನ್ನು ಬಿಡಬಾರದು ಎಂದು ನೀನೇ ಚೀಟಿ ಬರೆದು ಕಳಿಸಿದೆ, ಹೊರಟೆ. ಆದರೆ ಎಲ್ಲ ಕಡೆ ನಮಗೆಂದು ಎರಡು ಮಂಚದ ಕೋಣೆಯನ್ನೇ ಹಿಡಿದಿರುತ್ತಾರೆ. ಒಂದರ ಮೇಲೆ ಗಿಟಾರನ್ನು ಮಲಗಿಸುತ್ತೇನೆ. ಹಾಡು ಮುಗಿಸುವ ಹೊತ್ತಿಗೆ ನೀನು ಗಲ್ಲ ಆಡಿಸಿ ಸನ್ನೆ ಮಾಡುತ್ತಿದ್ದೆಯಲ್ಲ, ಈಗಲೂ ಎಡಕ್ಕೆ ತಿರುಗಿ ನೋಡುತ್ತೇನೆ. ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ಎರಡು ಸುತ್ತು ಹೆಚ್ಚಿಗೆ ನುಡಿಸಿಬಿಡುತ್ತೇನೆ. ಜನ ಅದೂ ಹಾಡಿನದೇ ಭಾಗ ಅಂದುಕೊಂಡು ಕೂತಿರುತ್ತಾರೆ.

ನಿನ್ನೆಯ ಕಾರ್ಯಕ್ರಮ ಗ್ರಂಥಾಲಯದ ಸಭಾಂಗಣದಲ್ಲಿತ್ತು. ಮೈಕ್ ನೋಡಿಕೊಳ್ಳುವವನು ಎರಡು ಸ್ಟೂಲು, ಎರಡು ಮೈಕು ಇಟ್ಟಿದ್ದ. ಒಂದು ತೆಗೆಯಪ್ಪಾ ಎಂದರೆ, "ಪೋಸ್ಟರಲ್ಲಿ ಇಬ್ರಿದ್ದೀರಲ್ಲ ಮೇಡಂ?" ಅಂದ. ಇರಲಿ ಬಿಡು ಅಂದೆ. ಅಮ್ಮನ ಹೊಲಿಗೆ ಯಂತ್ರದ ಬಗ್ಗೆ ನೀನು ಕಟ್ಟಿದ ಹಾಡನ್ನು ಎತ್ತಿಕೊಂಡೆ. ಮಗಳ ಪ್ರಶ್ನೆ ನಿನ್ನದು, ಅಮ್ಮನ ಉತ್ತರ ನನ್ನದು. ಹಿಂದಿನ ಊರಲ್ಲಿ ಎರಡನ್ನೂ ನಾನೇ ಹಾಡಿದ್ದು, ತಲೆಕೆಟ್ಟವಳು ತನ್ನಷ್ಟಕ್ಕೆ ಮಾತಾಡಿದ ಹಾಗೆ ಕೇಳಿಸಿತ್ತು. ಅದಕ್ಕೆ ನಿನ್ನೆ ನಿನ್ನ ಸಾಲು ಬಂದಾಗ ಬಾಯಿ ಮುಚ್ಚಿ ಬರೀ ತಂತಿ ಮೀಟಿದೆ, ನನ್ನ ಸಾಲು ಮಾತ್ರ ಹಾಡಿದೆ. ಆಮೇಲೆ ಹಿರಿಯರೊಬ್ಬರು ಬಂದು, "ಪಕ್ಕದ ಮನೇಲಿ ಯಾರೋ ಫೋನಲ್ಲಿ ಮಾತಾಡ್ತಿರೋದು ಕೇಳಿಸಿಕೊಂಡ ಹಾಗಾಯ್ತು. ಆ ಕಡೆ ಯಾರಮ್ಮ?" ಅಂದರು. ನಮ್ಮಕ್ಕ ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು, ನಿಜ. ನನಗೆ ಮಾತ್ರ ಕೋಣೆಗೆ ಮರಳಿ ಬಾಗಿಲು ಹಾಕಿಕೊಂಡರೆ ಸಾಕು ಎನಿಸಿತ್ತು. ಹಾಕಿಕೊಂಡ ಮೇಲೆ ಯಾಕಾದರೂ ಬಂದೆನೋ ಎನಿಸಿತು.

ಮತ್ತೆ ಹಾಡುವ ಬಗ್ಗೆ ಡಾಕ್ಟರು ಏನೂ ಹೇಳುತ್ತಿಲ್ಲವೆಂದು ಭಾವ ತಿಳಿಸಿದರು. ನೀನು ಅದನ್ನೇ ತಲೆಗೆ ಹಚ್ಚಿಕೊಂಡು ಕೂರಬೇಡ. ಹೊತ್ತುಹೊತ್ತಿಗೆ ಊಟ ಮಾಡು. ಭಾವನಿಗೆ ನನ್ನ ನಮಸ್ಕಾರ, ಪಾಪುವಿನ ಎರಡೂ ಕೆನ್ನೆಗೆ ಮುತ್ತು.

ನಿನ್ನ,
ಮೊಂಡಿ

ತಾ.ಕ.: ಮೇಲೆ ಬರೆಯಲು ಕೈ ಬರಲಿಲ್ಲ. ಕಾರ್ಯಕ್ರಮದವರು ಇವತ್ತು ಬೆಳಿಗ್ಗೆ ಒಬ್ಬ ಹುಡುಗಿಯನ್ನು ಕಳಿಸಿದ್ದರು. ನಿನ್ನ ಸಾಲುಗಳೆಲ್ಲ ಅವಳಿಗೆ ಬಾಯಿಪಾಠ. ಇದೇ ಕೋಣೆಯಲ್ಲಿ ಇಬ್ಬರೂ ಕೂತು ಹಾಡಿದೆವು. ಚೆನ್ನಾಗಿ ಹಾಡುತ್ತಾಳೆ, ಅಕ್ಕಾ. ನಡುವೆ ನಾನೇ ಎದ್ದು ಕಿಟಕಿಯ ಹತ್ತಿರ ಹೋಗಿ ನಿಲ್ಲಬೇಕಾಯಿತು. ನೀನು ಬೇಡ ಎಂದರೆ ಅವಳನ್ನು ಕರೆಯುವುದಿಲ್ಲ, ಉಳಿದ ಊರುಗಳಿಗೂ ಒಬ್ಬಳೇ ಹೋಗುತ್ತೇನೆ. ಬೇಡ ಎನ್ನಬೇಡ.